ಒರಿಯಂಟಲ್ ಪೈಪ್ ತಂಬಾಕು: ಲತಾಕಿಯಾ ಮರೆಯಲ್ಲಿ ನಿಂತ ಸಣ್ಣ ಎಲೆ

ಸಣ್ಣೆಲೆ

ಒರಿಯಂಟಲ್ ಮಿಶ್ರಣ, ಅಂದರೆ ಟರ್ಕಿ, ಗ್ರೀಸ್ ಕಡೆಯ ಸಣ್ಣೆಲೆ ಸೇರಿಸಿದ ಪೈಪ್ ತಂಬಾಕು, ಅಂದ ಕೂಡಲೇ ಸೌದೆಹೊಗೆಯ ವಾಸನೆ ಬರುವ ಕಪ್ಪು ತಂಬಾಕು ಅಂದುಕೊಳ್ಳುವವರೇ ಹೆಚ್ಚು. ಆ ಕಪ್ಪು, ಆ ಹೊಗೆ ಎರಡೂ ಲತಾಕಿಯಾ ಎಂಬ ಹೊಗೆ ಕುಡಿಸಿದ ಎಲೆಯವು. ಒರಿಯಂಟಲ್ ಎಲೆಯ ರುಚಿಯೇ ಬೇರೆ. ಅದು ನಾಲಿಗೆಗೆ ಸಿಗಬೇಕಾದರೆ ಮೊದಲು ಲತಾಕಿಯಾವನ್ನು ಪಕ್ಕಕ್ಕಿಡಬೇಕು ಅನ್ನುವುದು ನನ್ನ ವಾದ. ಒಪ್ಪದವರು ಬರೆಯಿರಿ, ಅದಕ್ಕೇ ಈ ಚರ್ಚೆಯ ಎಳೆ ಶುರು ಮಾಡಿದ್ದು.

ಎಲೆಯಿಂದಲೇ ಹೊರಡೋಣ. ಇಜ್ಮೀರ್, ಬಾಸ್ಮಾ ಎರಡೂ ಒರಿಯಂಟಲ್ ಬಗೆಗಳು. ಇಜ್ಮೀರ್ ಎಲೆ ಸಾಮಾನ್ಯವಾಗಿ ಅಂಗೈ ಮೀರುವುದಿಲ್ಲ. ಬಾಸ್ಮಾ ಇನ್ನೂ ಚಿಕ್ಕದು, ಎಷ್ಟೋ ಸಲ ಬೆರಳುದ್ದ ಅಷ್ಟೆ. ಬಣ್ಣ ಹೊಂಬಣ್ಣದಿಂದ ಕಂದಿನವರೆಗೆ, ಅಲ್ಲಲ್ಲಿ ತಿಳಿಹಸಿರು ಛಾಯೆ. ನಡುನರ ದಾರದಷ್ಟು ತೆಳು, ಹಾಗಾಗಿ ದೊಡ್ಡೆಲೆಯ ವರ್ಜೀನಿಯಾ ತಂಬಾಕಿಗೆ ಮಾಡುವಂತೆ ನರ ಬಿಡಿಸುವ ಕೆಲಸ ಇಲ್ಲ, ಇಡೀ ಎಲೆಯನ್ನೇ ಕತ್ತರಿಸುತ್ತಾರೆ. ಎರಡು ಬೆರಳಿನ ನಡುವೆ ಉಜ್ಜಿದರೆ ತುಸು ಅಂಟು. ಮೂಗಿಗೆ ಹಿಡಿದರೆ ಮೊದಲು ಒಣಹುಲ್ಲು, ಆಮೇಲೆ ಹುಳಿ ಬಂದ ದೋಸೆಹಿಟ್ಟು, ಕೊನೆಯಲ್ಲಿ ಬಹಳ ದಿನ ಮುಚ್ಚಿಟ್ಟ ಮರದ ಪೆಟ್ಟಿಗೆ ತೆರೆದಾಗ ಬರುವ ವಾಸನೆ. ಇದರಲ್ಲಿ ಹೊಗೆಯ ಸುಳಿವೇ ಇಲ್ಲ ಅನ್ನುವುದನ್ನು ಗಮನಿಸಿ.

ಹೊಗೆ ಏಕಿಲ್ಲ ಅಂದರೆ ಇದು ಬಿಸಿಲಲ್ಲಿ ಒಣಗಿದ ಎಲೆ. ಟರ್ಕಿಯ ಏಜಿಯನ್ ತೀರ, ಕಪ್ಪು ಸಮುದ್ರದ ದಡದ ಸಾಮ್ಸುನ್, ಗ್ರೀಸಿನ ಕ್ಸಾಂತಿ, ದ್ರಾಮಾ, ಕತೆರಿನಿ, ಉತ್ತರ ಮ್ಯಾಸಿಡೋನಿಯಾದ ಪ್ರಿಲೆಪ್, ಬಲ್ಗೇರಿಯಾದ ದಕ್ಷಿಣದ ಬೆಟ್ಟಸೀಮೆ, ಇವು ಇದರ ನೆಲ. ಕಲ್ಲುಮಿಶ್ರಿತ ಬಡ ಮಣ್ಣು, ಕಡಿಮೆ ಗೊಬ್ಬರ, ಕಡಿಮೆ ನೀರು. ಬುಡದಿಂದ ಮೇಲಕ್ಕೆ, ಮಾಗಿದಷ್ಟನ್ನೇ ಕೈಯಲ್ಲಿ ಕೀಳುತ್ತಾರೆ. ಚಪ್ಪಟೆ ಸೂಜಿಯಿಂದ ದಾರಕ್ಕೆ ಪೋಣಿಸಿ, ಚೌಕಟ್ಟಿಗೆ ಕಟ್ಟಿ, ಎರಡು ಮೂರು ವಾರ ಬಿಸಿಲಿಗೆ ಬಿಡುತ್ತಾರೆ. ಆಮೇಲೆ ಬೇಲು ಕಟ್ಟಿ ಗೋದಾಮಿನಲ್ಲಿ ನಿಧಾನಕ್ಕೆ ಹುದುಗಿಸುತ್ತಾರೆ. ಆ ಹುಳಿವಾಸನೆ ದುಂಡಗಾಗುವುದು ಈ ಹಂತದಲ್ಲಿ.

ಬ್ಯಾರನ್_ಬಾಗಿಲು

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಹೊಗೆಸೊಪ್ಪು ನೋಡಿದವರಿಗೆ ಒಂದು ಹೋಲಿಕೆ ಕೊಟ್ಟರೆ ವ್ಯತ್ಯಾಸ ಬೇಗ ತಲೆಗೆ ಹೋಗುತ್ತೆ.

ನಮ್ಮ ವರ್ಜೀನಿಯಾಕ್ಕೆ ಹೆಕ್ಟೇರಿಗೆ ಇಪ್ಪತ್ತು ಸಾವಿರಕ್ಕಿಂತ ಕಡಿಮೆ ಸಸಿ. ಒರಿಯಂಟಲ್‌ಗೆ ಒಂದು ಲಕ್ಷಕ್ಕೂ ಮೇಲೆ. ಅಷ್ಟು ಒತ್ತಾಗಿ ನೆಟ್ಟರೆ ಎಲೆ ಹಿಗ್ಗೋಕೆ ಜಾಗವೇ ಇಲ್ಲ, ಎಲೆ ಸಣ್ಣದಾಗುತ್ತೆ, ದಪ್ಪವಾಗೋದಿಲ್ಲ. ಎರಡನೇದು ಇನ್ನೂ ಮುಖ್ಯ: ವರ್ಜೀನಿಯಾದಲ್ಲಿ ಹೂವಿನ ತುದಿ ಚಿವುಟಿ ಹಾಕ್ತಾರೆ, ಕಂಕುಳ ಚಿಗುರು ತೆಗೀತಾರೆ. ತುದಿ ಹೋದ ಗಿಡ ಬೇರಿನಲ್ಲಿ ನಿಕೋಟಿನ್ ಹೆಚ್ಚು ತಯಾರಿಸಿ ಎಲೆಗೆ ಕಳಿಸುತ್ತೆ. ಒರಿಯಂಟಲ್‌ನಲ್ಲಿ ತುದಿ ಚಿವುಟೋ ರೂಢಿ ಸಾಮಾನ್ಯವಾಗಿ ಇಲ್ಲ, ಸಾರಜನಕವೂ ಕಡಿಮೆ ಕೊಡ್ತಾರೆ. ಅದಕ್ಕೇ ನಿಕೋಟಿನ್ ಬಹುಮಟ್ಟಿಗೆ ಶೇ. 1ರ ಆಸುಪಾಸು. ಒರಿಯಂಟಲ್ ಹೆಚ್ಚಿರೋ ಮಿಶ್ರಣ ತಲೆ ಸುತ್ತಿಸೋದಿಲ್ಲ ಅನ್ನೋ ಮಾತಿಗೆ ಕಾರಣ ಇಷ್ಟೇ.

ಮೂರನೇದು ಬೇಯಿಸೋದು. ವರ್ಜೀನಿಯಾನ ಬ್ಯಾರನ್‌ನಲ್ಲಿ, ಅಂದರೆ ಎಲೆ ಬೇಯಿಸೋ ಮನೆಯಲ್ಲಿ, 35 ಡಿಗ್ರಿ ಸೆಲ್ಸಿಯಸ್ ಹತ್ತಿರ ಎಲೆ ಹಳದಿಗೆ ತಿರುಗಿಸಿ, ಮೆಲ್ಲಗೆ ಏರಿಸಿ, ಕೊನೆಗೆ 70ರ ಹತ್ತಿರ ದಂಟು ಒಣಗಿಸ್ತಾರೆ. ಐದಾರು ದಿನದ ಕೆಲಸ. ಪಿಷ್ಟ ಸಕ್ಕರೆಯಾಗುತ್ತೆ, ಆ ಸಕ್ಕರೆ ಖರ್ಚಾಗೋ ಮೊದಲೇ ಶಾಖ ಎಲೆಯ ಉಸಿರಾಟ ನಿಲ್ಲಿಸಿಬಿಡುತ್ತೆ. ಬಿಸಿಲಲ್ಲಿ ವಾರಗಟ್ಟಲೆ ಒಣಗೋ ಎಲೆ ಇನ್ನೂ ಉಸಿರಾಡ್ತಾ ಒಂದಿಷ್ಟು ಸಕ್ಕರೆ ತಾನೇ ತಿಂದುಕೊಳ್ಳುತ್ತೆ. ಹಾಗಾಗಿ ಒರಿಯಂಟಲ್‌ನಲ್ಲಿ ಸಕ್ಕರೆ ವರ್ಜೀನಿಯಾಗಿಂತ ಕಡಿಮೆ, ನೆರಳಲ್ಲಿ ಒಣಗಿಸೋ ಬರ್ಲಿ ತಂಬಾಕಿಗಿಂತ ಎಷ್ಟೋ ಹೆಚ್ಚು. ಪೈಪ್ ಮಿಶ್ರಣದಲ್ಲಿ ವರ್ಜೀನಿಯಾ, ಒರಿಯಂಟಲ್ ಎರಡನ್ನೂ ಜೊತೆ ಮಾಡೋದು ಯಾಕೆ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ. ಸಿಹಿ ವರ್ಜೀನಿಯಾದ್ದು, ಪರಿಮಳ ಒರಿಯಂಟಲ್‌ದು.

ಕರಿಹೊಗೆ

ಸಣ್ಣೆಲೆಯವರ ಮೊದಲ ಮಾತಿಗೆ ನನ್ನ ತಕರಾರಿದೆ. ಲತಾಕಿಯಾ ಬೇರೆ ಜಾತಿಯಲ್ಲ, ಅದೂ ಒರಿಯಂಟಲ್ ಎಲೆಯೇ. ಬಿಸಿಲಲ್ಲಿ ಒಣಗಿದ ಎಲೆಯನ್ನು ಮುಚ್ಚಿದ ಮನೆಯಲ್ಲಿ ತೂಗುಹಾಕಿ, ಮ್ಯಾಸ್ಟಿಕ್ ಪೊದೆ, ಮರ್ಟಲ್, ಪೈನ್, ಸೈಪ್ರೆಸ್‌ಗಳ ಹೊಗೆಯನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಕುಡಿಸಿದರೆ ಅದು ಲತಾಕಿಯಾ. ಸೈಪ್ರಸ್‌ನದು ಇಜ್ಮೀರ್ ವಂಶದ ಎಲೆ, ಸಿರಿಯಾದ್ದು ಶೇಖ್ ಅಲ್ ಬಿಂತ್ ಅನ್ನುವ ತಳಿ. ಸಿರಿಯಾದ್ದು ಮಾರುಕಟ್ಟೆಯಿಂದ ಹೆಚ್ಚುಕಡಿಮೆ ಮರೆಯಾಗಿದೆ, ಈಗ ಡಬ್ಬಿಗಳಲ್ಲಿ ಬರುವುದು ಸೈಪ್ರಸ್ ಬಗೆಯದೇ.

ಬಾಲ್ಕನ್ ಅನ್ನಿಸಿಕೊಂಡ ಮಿಶ್ರಣಗಳ ಕೀರ್ತಿಯೇ ಈ ಎರಡರ ಜೊತೆಯಾಟ. ಲಂಡನ್ನಿನ ಬಾಲ್ಕನ್ ಸೊಬ್ರಾನಿ ಎಂಬ ಪೈಪ್ ತಂಬಾಕು ಹೆಸರು ಮಾಡಿದ್ದು ಲತಾಕಿಯಾದ ಜೊತೆ ಕ್ಸಾಂತಿ ಕಡೆಯ ಯೆನಿಜೆ ಎಲೆ ಸೇರಿದ್ದರಿಂದ. ಲತಾಕಿಯಾವನ್ನು ಪಕ್ಕಕ್ಕಿಟ್ಟರೆ ಒರಿಯಂಟಲ್ ತೆಳುವಾಗುತ್ತದೆ, ಬೆನ್ನೆಲುಬಿಲ್ಲದ ಹಾಗೆ.

ಸಣ್ಣೆಲೆ

ಲತಾಕಿಯಾ ಒರಿಯಂಟಲ್ ಎಲೆ ಅನ್ನುವುದು ಸರಿ. ಆದರೆ ಅಷ್ಟು ಹೊಗೆ ಕುಡಿದ ಮೇಲೆ ಎಲೆಯ ಸ್ವಂತ ವಾಸನೆ ಎಷ್ಟು ಉಳಿಯಿತು ಎಂದು ನೋಡಬೇಕು. ಅಡುಗೆಯಲ್ಲಿ ಹೇಳುವುದಾದರೆ ವರ್ಜೀನಿಯಾ ಅನ್ನ, ಒರಿಯಂಟಲ್ ಸಾರಿನಪುಡಿ, ಲತಾಕಿಯಾ ಇಂಗು. ಇಂಗು ಬೇಕು, ಹದ ತಪ್ಪಿದರೆ ಸಾರಿನಪುಡಿಯಲ್ಲಿ ಧನಿಯಾ ಇದೆಯೋ ಮೆಂತ್ಯ ಇದೆಯೋ ಗೊತ್ತಾಗುವುದಿಲ್ಲ. ಮಿಶ್ರಣದಲ್ಲಿ ಲತಾಕಿಯಾ ಶೇ. 30 ದಾಟಿತು ಅಂದರೆ ಅದರ ಹಿಂದಿರುವುದು ಇಜ್ಮೀರೋ ಬಾಸ್ಮಾವೋ ಹೇಳುವುದು ಪಳಗಿದ ನಾಲಿಗೆಗೂ ಕಷ್ಟ. ಶೇ. 5ರಿಂದ 10 ಇದ್ದರೆ ಎರಡೂ ಕೇಳಿಸುತ್ತವೆ. ಪ್ರೆಸ್ಬಿಟೇರಿಯನ್ ಮಿಕ್ಸ್‌ಚರ್ ಎಂಬ ಡಬ್ಬಿ ತಂಬಾಕು ಈ ಕಾರಣಕ್ಕೇ ಒಳ್ಳೆಯ ಪಾಠ, ಅದರಲ್ಲಿ ಲತಾಕಿಯಾ ಹಿಂದೆ ನಿಂತು ಮಾತಾಡುತ್ತದೆ.

ತೆಳು ಅನ್ನುವ ಮಾತು ಅರ್ಧ ನಿಜ. ಬರೀ ಒರಿಯಂಟಲ್ ತುಂಬಿದರೆ ಮೈ ತೆಳುವೇ. ಮೈ ಕೊಡಬೇಕಾದ್ದು ವರ್ಜೀನಿಯಾ, ಹೊಗೆಯಲ್ಲ.

ಧೂಪದಾನಿ

ವಾಸನೆಯ ಮೂಲ ಎಲ್ಲಿದೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಮುಂದೆ ಒಣಗಿಸುವುದು, ಕೂಡಿಡುವುದು ಎಲ್ಲಕ್ಕೂ ಇದೇ ಬುನಾದಿ.

ಎಲೆಯ ಮೇಲ್ಮೈಯಲ್ಲಿ ಸಣ್ಣ ರೋಮಗಳಿವೆ, ಅವುಗಳ ತುದಿಯಲ್ಲಿ ಅಂಟು ಒಸರುವ ಗ್ರಂಥಿ. ಬೆರಳಿಗೆ ಅಂಟುವುದು ಅದೇ. ಈ ಅಂಟಿನಲ್ಲಿ ಎರಡು ಮುಖ್ಯ ಬಗೆ. ಒಂದು, ಸುಕ್ರೋಸ್ ಎಸ್ಟರ್‌ಗಳು, ಅಂದರೆ ಸಕ್ಕರೆಗೆ ಸಣ್ಣ ಆಮ್ಲಗಳು ಕಟ್ಟಿಕೊಂಡಿರುವ ರೂಪ. ಹುದುಗುವಾಗ, ಸುಡುವಾಗ ಈ ಕಟ್ಟು ಬಿಚ್ಚಿ ಐಸೊವಲೆರಿಕ್ ಆಮ್ಲ, ಮೀಥೈಲ್ ವಲೆರಿಕ್ ಆಮ್ಲಗಳು ಹೊರಬರುತ್ತವೆ. ಚೀಸ್‌ನ ಹುಳಿ, ಚರ್ಮದ ವಾಸನೆ ಇವುಗಳದ್ದು. ಗ್ರಂದಿಗೆ ಅಂಗಡಿಯಲ್ಲಿ ತಗರದ ಬೇರು ಮೂಸಿದವರಿಗೆ ಇದರ ಪರಿಚಯ ಆಗಲೇ ಇದೆ, ಅದರ ಗಾಢ ವಾಸನೆಗೂ ಇದೇ ಆಮ್ಲದ ನಂಟು. ಎರಡನೆಯದು ಲ್ಯಾಬ್ಡನಾಯ್ಡ್‌ಗಳು. ಇವು ಒಡೆದಾಗ ಧೂಪ, ದೇವದಾರು, ಅಂಬರ್ ನೆನಪಿಸುವ ಪರಿಮಳ ಹುಟ್ಟುತ್ತದೆ. ಒರಿಯಂಟಲ್ ಸೇದಿದ ಕೋಣೆಯಲ್ಲಿ ಸಾಂಬ್ರಾಣಿ ಹಾಕಿದಂತಿದೆ ಎಂದು ಜನ ಹೇಳುವುದು ಬರೀ ಅಲಂಕಾರದ ಮಾತಲ್ಲ.

ಬಡ ಮಣ್ಣು, ಬಿಸಿಲು, ನೀರಿನ ಕೊರತೆ ಇದ್ದಾಗ ಸಣ್ಣ ಎಲೆಯ ಮೇಲೆ ಈ ಅಂಟು ಒತ್ತಾಗಿ ಕೂರುತ್ತದೆ. ಅದೇ ಬೀಜವನ್ನು ಕೊಬ್ಬಿದ ಮಣ್ಣಿಗೆ ಹಾಕಿ ನೀರು ಬಿಟ್ಟರೆ ದೊಡ್ಡ ಎಲೆ ಬರುತ್ತದೆ, ಪರಿಮಳ ಬರುವುದಿಲ್ಲ.

ಹೊಸಕೆಂಡ

ಪ್ರಶ್ನೆ. ವರ್ಜೀನಿಯಾ–ಒರಿಯಂಟಲ್ ಮಿಶ್ರಣ, ಲತಾಕಿಯಾ ಇಲ್ಲ. ಮೊದಲ ಐದು ನಿಮಿಷ ಚೆನ್ನಾಗಿರುತ್ತೆ, ಆಮೇಲೆ ಹುಳಿ, ಕಹಿ, ನಾಲಿಗೆ ತುದಿ ಉರಿ. ಪೈಪಿನ ಬಟ್ಟಲಿನ ಕೆಳಗಿನ ಮೂರನೇ ಒಂದು ಭಾಗ ಒದ್ದೆಯಾಗಿ ಗುಳುಗುಳು ಅನ್ನುತ್ತೆ. ಎಲೆಯದೇ ದೋಷವೋ ಸೇದುವ ಕ್ರಮದ್ದೋ?

ತೂಕದ_ಬಟ್ಟಲು

ಕ್ರಮದ್ದು. ಗುಳುಗುಳು ಅಂದ ಮೇಲೆ ಮೊದಲ ಆರೋಪಿ ತೇವ.

ಡಬ್ಬಿಯಿಂದ ಬರುವ ತಂಬಾಕು ಬಹಳ ಸಲ ಸೇದುವ ಹದಕ್ಕಿಂತ ಒದ್ದೆ ಇರುತ್ತದೆ. ಒರಿಯಂಟಲ್‌ಗೆ ಶೇ. 11ರಿಂದ 13ರಷ್ಟು ತೇವ ಸರಿ. ಮನೆಯಲ್ಲಿ ಅಳೆಯುವುದು ಹೀಗೆ: ಒಂದು ಚಿಟಿಕೆ ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ಐದು ಎಣಿಸುವವರೆಗೆ ಒತ್ತಿ ಬಿಡಿ. ಉಂಡೆಯಾಗಿ ಹಾಗೇ ಕೂತರೆ ಒದ್ದೆ. ಮೆಲ್ಲಗೆ ಬಿಚ್ಚಿಕೊಂಡು, ಕೈಗೆ ತಂಪು ಅನ್ನಿಸದೆ, ಒಂದೆರಡು ಎಳೆ ಮಾತ್ರ ಮುರಿದರೆ ಹದ. ಪುಡಿಯಾದರೆ ದಾಟಿಹೋಯಿತು. ಲತಾಕಿಯಾ ಹೆಚ್ಚಿರುವುದು ತುಸು ಒದ್ದೆಯಾದರೂ ತಡೆದುಕೊಳ್ಳುತ್ತದೆ, ಒರಿಯಂಟಲ್ ತಡೆದುಕೊಳ್ಳುವುದಿಲ್ಲ. ಒದ್ದೆ ಎಲೆ ಆರುತ್ತದೆ, ಆರದಿರಲಿ ಎಂದು ಜೋರಾಗಿ ಎಳೆಯುತ್ತೇವೆ, ಕೆಂಡ ಕಾಯುತ್ತದೆ, ಬಿಸಿ ಆವಿ ನಾಲಿಗೆಗೆ ಬಡಿಯುತ್ತದೆ. ಉರಿ ಅಂದರೆ ಬಹುತೇಕ ಆ ಆವಿಯೇ. ಇನ್ನು ಹುಳಿ, ಕಹಿ: ಧೂಪದಾನಿಯವರು ಹೇಳಿದ ಆಮ್ಲಗಳು ಕಡಿಮೆ ಶಾಖದಲ್ಲಿ ಪರಿಮಳ, ಹೆಚ್ಚಿದ ಶಾಖದಲ್ಲಿ ಚುರುಕು.

ತುಂಬುವಾಗ ತಳಕ್ಕೆ ಸಡಿಲವಾಗಿ ಉದುರಿಸಿ, ಒತ್ತಬೇಡಿ. ನಡುಭಾಗಕ್ಕೆ ಬೆರಳಿನ ಭಾರ ಸಾಕು. ಮೇಲಿನ ಪದರಕ್ಕೆ ತುಸು ಗಟ್ಟಿ ಕೈ. ಹೊತ್ತಿಸುವ ಮೊದಲು ಖಾಲಿ ಎಳೆದು ನೋಡಿ. ಎಳನೀರಿಗೆ ಹಾಕಿದ ಸ್ಟ್ರಾದಲ್ಲಿ ಗಾಳಿ ಎಳೆದಷ್ಟೇ ತಡೆ ಇರಬೇಕು, ಹೆಚ್ಚಿದ್ದರೆ ಸುರಿದು ಮತ್ತೆ ತುಂಬಿ. ಮೊದಲ ಬೆಂಕಿಗೆ ಎಲೆ ಉಬ್ಬಿ ಮೇಲೇಳುತ್ತದೆ. ಆರಲು ಬಿಟ್ಟು, ಟ್ಯಾಂಪರ್‌ನಿಂದ (ಎಲೆ ಒತ್ತುವ ಚಿಕ್ಕ ಸಾಧನ) ಸಮ ಮಾಡಿ, ಎರಡನೇ ಸಲ ಹೊತ್ತಿಸಿ. ಅದರ ಮೇಲೆ ಉಸಿರಾಟದ ಲಯಕ್ಕಿಂತ ನಿಧಾನ. ಬಟ್ಟಲನ್ನು ಕೆನ್ನೆಗೆ ಒತ್ತಿ ಹಿಡಿಯಲು ಆಗದಷ್ಟು ಬಿಸಿಯಾದರೆ ಕೆಳಗಿಡಿ. ಆರಿದರೆ ಆರಲಿ, ಒರಿಯಂಟಲ್ ಮತ್ತೆ ಹೊತ್ತಿಸಿದಾಗ ಕೆಡುವ ಎಲೆಯಲ್ಲ.

ಗುಳುಗುಳು ಶುರುವಾದರೆ ಪೈಪ್ ಕ್ಲೀನರನ್ನು (ನೂಲಿನ ಎಳೆ ಸುತ್ತಿದ ತಂತಿ) ಕಾಂಡದಿಂದ, ಅಂದರೆ ಬಾಯಿಗಿಡುವ ಕೊಳವೆಯಿಂದ, ಒಳಕ್ಕೆ ತಳದವರೆಗೆ ತೂರಿಸಿ, ಅರ್ಧ ನಿಮಿಷ ಬಿಟ್ಟು ತೆಗೆಯಿರಿ. ಬಿಸಿ ಇರುವಾಗ ಕಾಂಡ ಬಿಚ್ಚಬೇಡಿ, ಕೂಡುಜಾಗ ಬಿರುಕು ಬಿಡುತ್ತದೆ.

ಕಡಲತಡಿ

ಮೇಲಿನದಕ್ಕೆ ಊರಿನ ಲೆಕ್ಕ ಸೇರಿಸಬೇಕು. ಪುಸ್ತಕಗಳಲ್ಲಿ ತಟ್ಟೆ ಮೇಲೆ ಹರಡಿ ಅರ್ಧ ಗಂಟೆ ಬಿಡಿ ಅಂತ ಇರುತ್ತೆ. ಜುಲೈನಲ್ಲಿ ಮಂಗಳೂರಲ್ಲೋ ಆಗುಂಬೆಯಲ್ಲೋ ಹಾಗೆ ಬಿಟ್ಟರೆ ತಂಬಾಕು ಒಣಗುವುದಿಲ್ಲ, ಗಾಳಿಯಿಂದಲೇ ನೀರು ಕುಡಿದು ಇನ್ನೂ ಒದ್ದೆಯಾಗುತ್ತದೆ. ಆಗ ಮಾಡಬೇಕಾದ್ದು: ಒಂದು ಸಲಕ್ಕೆ ಬೇಕಾದ ಎರಡು ಮೂರು ಗ್ರಾಂ ಮಾತ್ರ ತೆಗೆದು ಬಿಳಿ ಕಾಗದದ ಮೇಲೆ ತೆಳುವಾಗಿ ಹರಡಿ, 40 ವ್ಯಾಟಿನ ಹಳೇ ಬಲ್ಬಿನ ಕೆಳಗೆ ಒಂದಡಿ ಅಂತರದಲ್ಲಿಡಿ. ಐದು ನಿಮಿಷಕ್ಕೊಮ್ಮೆ ಕೈಯಾಡಿಸಿ. ಹತ್ತು ಹದಿನೈದು ನಿಮಿಷ ಸಾಕು. ಎಲ್‌ಇಡಿ ಬಲ್ಬಿನಿಂದ ಇದು ಆಗುವುದಿಲ್ಲ, ಅದರಲ್ಲಿ ಕಾವಿಲ್ಲ. ಮೈಕ್ರೋವೇವ್ ಬೇಡವೇ ಬೇಡ. ನೀರಿಗಿಂತ ಮೊದಲು ಪರಿಮಳ ಹಾರಿಹೋಗುತ್ತೆ, ಉಳಿಯೋದು ಸುಟ್ಟ ಹುಲ್ಲಿನ ರುಚಿ.

ಬೆಂಗಳೂರು, ಧಾರವಾಡ, ಬಳ್ಳಾರಿ ಕಡೆ ಮಾರ್ಚ್ ಏಪ್ರಿಲ್‌ನಲ್ಲಿ ಇದಕ್ಕೆ ತದ್ವಿರುದ್ಧ. ಹತ್ತು ನಿಮಿಷಕ್ಕೇ ಕುರುಕಲು. ಫ್ಯಾನ್ ಕೆಳಗಂತೂ ಇಡಬೇಡಿ.

ಮರಳುಗಾಡು_ಕನ್ನಡಿಗ

ಕೊಲ್ಲಿಯಲ್ಲಿ ಇರೋರಿಗೆ ಎಸಿ ಕೋಣೆಯೇ ಶತ್ರು. ಡಬ್ಬಿ ತೆರೆದು ಅದರ ಪ್ಲಾಸ್ಟಿಕ್ ಮುಚ್ಚಳ ಹಾಕಿಟ್ಟರೆ ವಾರದಲ್ಲಿ ಸಪ್ಪೆ. ತೆರೆದ ದಿನವೇ ರಬ್ಬರ್ ಸೀಲಿನ ಗಾಜಿನ ಜಾಡಿಗೆ ಹಾಕಬೇಕು.

ಒಣಗಿಹೋದದ್ದನ್ನು ಎಬ್ಬಿಸುವ ಕ್ರಮ: ಬಟ್ಟಲಲ್ಲಿ ತಂಬಾಕು ಹಾಕಿ, ಹಿಂಡಿದ ಒದ್ದೆ ಬಟ್ಟೆಯನ್ನು ಬಾಯಿಗೆ ಬಿಗಿಯಾಗಿ ಕಟ್ಟಿ, ಎಲೆಗೆ ತಾಗದಂತೆ ಮೂರು ನಾಲ್ಕು ಗಂಟೆ ಬಿಡಿ. ಅಥವಾ 50 ಗ್ರಾಂಗೆ ಡಿಸ್ಟಿಲ್ಡ್ ವಾಟರ್ ಎರಡು ಸಿಂಪಡಿಕೆ, ಕೈಯಾಡಿಸಿ, ಜಾಡಿ ಮುಚ್ಚಿ ಒಂದು ದಿನ. ಸೇಬಿನ ಹೋಳು, ಆಲೂಗಡ್ಡೆ ಹೋಳು ಹಾಕೋ ಹಳೇ ಸಲಹೆ ಪಾಲಿಸಬೇಡಿ, ಬೂಷ್ಟು ಬರುವ ರಾಜಮಾರ್ಗ ಅದು. ತೇವ ವಾಪಸ್ ಬರುತ್ತೆ, ಹಾರಿದ ಪರಿಮಳದಲ್ಲಿ ಒಂದಿಷ್ಟು ವಾಪಸ್ ಬರೋದಿಲ್ಲ, ಅಷ್ಟು ಗೊತ್ತಿರಲಿ.

ಹೊಸಕೆಂಡ

ಬಲ್ಬಿನ ಕ್ರಮ ಹಿಡಿಯಿತು, ಗುಳುಗುಳು ನಿಂತಿದೆ. ಮುಂದಿನ ಪ್ರಶ್ನೆ: ಇಜ್ಮೀರ್, ಬಾಸ್ಮಾ, ಕತೆರಿನಿ ಇವುಗಳ ವ್ಯತ್ಯಾಸ ಕಲಿಯೋದು ಹೇಗೆ? ಡಬ್ಬಿ ಮೇಲೆ ಬರೀ "ಒರಿಯಂಟಲ್" ಅಂತ ಇರುತ್ತಲ್ಲ.

ಸಣ್ಣೆಲೆ

ಹಾಗಿರುವುದಕ್ಕೆ ಕಾರಣವಿದೆ. ಒರಿಯಂಟಲ್ ಎಲೆಯ ದೊಡ್ಡ ಗಿರಾಕಿ ಪೈಪ್ ಅಲ್ಲ, ಸಿಗರೇಟು. 1913ರಲ್ಲಿ ಬಂದ ಕ್ಯಾಮೆಲ್‌ನಿಂದ ಈಚೆಗೆ ವರ್ಜೀನಿಯಾ, ಬರ್ಲಿ, ತುಸು ಟರ್ಕಿಷ್ (ಅಂದರೆ ಒರಿಯಂಟಲ್) ಎಂಬ ಅಮೆರಿಕನ್ ಮಿಶ್ರಣ ಜಗತ್ತಿನ ಹಲವು ಕಡೆ ಹಬ್ಬಿತು. ಸಿಗರೇಟಿನವರಿಗೆ ವರ್ಷ ವರ್ಷವೂ ಒಂದೇ ರುಚಿ ಬೇಕು, ಆದ್ದರಿಂದ ವ್ಯಾಪಾರಿಗಳು ಹಲವು ಊರಿನ ಎಲೆ ಬೆರೆಸಿ ದರ್ಜೆ ಕಟ್ಟಿ ಮಾರುತ್ತಾರೆ. ಪೈಪ್ ತಂಬಾಕಿನವರು ಕೊಳ್ಳುವುದು ಅದರ ಒಂದು ಚೂರು. ಊರಿನ ಹೆಸರು ಆ ಬೆರಕೆಯಲ್ಲೇ ಕಳೆದುಹೋಗುತ್ತದೆ.

ಹೆಸರುಗಳೂ ಗೊಂದಲವೇ. ಯೆನಿಜೆ ಅನ್ನುವುದು ಕ್ಸಾಂತಿಯ ಹತ್ತಿರದ ಊರು, ಈಗ ಗ್ರೀಕಿನಲ್ಲಿ ಗೆನಿಸೆಯಾ. ಕ್ಸಾಂತಿಗೆ ಟರ್ಕಿಷ್ ಹೆಸರು ಇಸ್ಕೆಚೆ. ಒಂದು ಕಾಲಕ್ಕೆ ಆ ಊರಿನ ಹೆಸರಿಗೆ ಎಷ್ಟು ಬೆಲೆಯಿತ್ತೆಂದರೆ, ಜರ್ಮನಿಯ ಡ್ರೆಸ್ಡೆನ್‌ನಲ್ಲಿ 1909ರಲ್ಲಿ ಮುಗಿದ, ಮಸೀದಿಯ ಆಕಾರದ ಸಿಗರೇಟು ಕಾರ್ಖಾನೆಗೆ ಯೆನಿಜೆ ಎಂದೇ ಹೆಸರಿಟ್ಟರು. ಗಾಜಿನ ಗುಮ್ಮಟದ ಆ ಕಟ್ಟಡ ಇವತ್ತಿಗೂ ಇದೆ. ಬಾಸ್ಮಾ ಊರಲ್ಲ, ತಳಿ. ಟರ್ಕಿಷ್‌ನಲ್ಲಿ ಒತ್ತುವುದು ಎಂಬ ಅರ್ಥದ ಮಾತು. ಕತೆರಿನಿ ಗ್ರೀಸಿನ ಊರು, ಆದರೆ ಅಲ್ಲಿನ ಎಲೆ ಸಾಮ್ಸುನ್ ವಂಶದ್ದು. 1923ರ ಜನವಿನಿಮಯದಲ್ಲಿ ಅನಾಟೋಲಿಯಾದಿಂದ ಹೊರಟ ಗ್ರೀಕ್ ಕುಟುಂಬಗಳು ಉತ್ತರ ಗ್ರೀಸಿನಲ್ಲಿ ನೆಲೆನಿಂತದ್ದನ್ನು ನೆನೆದರೆ ಇದು ಅಚ್ಚರಿಯಲ್ಲ. ತಂಬಾಕಿನ ಬೀಜ ಒಂದು ಗ್ರಾಂಗೆ ಹತ್ತು ಸಾವಿರಕ್ಕೂ ಹೆಚ್ಚು ಬರುತ್ತದೆ, ಒಂದು ಊರಿನ ಬೆಳೆ ಒಂದು ಚಿಟಿಕೆಯಲ್ಲಿ ಗಡಿ ದಾಟಬಲ್ಲದು.

ರುಚಿಯಲ್ಲಿ ನಾನು ಹೀಗೆ ಬೇರ್ಪಡಿಸುತ್ತೇನೆ: ಇಜ್ಮೀರ್ ಸಿಹಿ-ಹುಳಿ, ಹಗುರ, ಎಲ್ಲರ ಜೊತೆ ಹೊಂದಿಕೊಳ್ಳುವಂಥದ್ದು. ಬಾಸ್ಮಾ ಒಣ ಹೂವಿನ ಕಡೆಗೆ, ಮೂಗಿನಲ್ಲಿ ಹೆಚ್ಚು, ನಾಲಿಗೆಯಲ್ಲಿ ಕಡಿಮೆ. ಸಾಮ್ಸುನ್, ಕತೆರಿನಿ ಮರದ ಚಕ್ಕೆ, ಕಾಯಿಚಿಪ್ಪಿನ ಕಡೆಗೆ, ಮೈ ತುಸು ದಪ್ಪ. ಅಮೆರಿಕದ ಮ್ಯಾಕ್‌ಕ್ಲೆಲೆಂಡ್‌ನವರು ಗ್ರ್ಯಾಂಡ್ ಒರಿಯಂಟಲ್ಸ್ ಎಂದು ಊರೂರಿನ ಎಲೆಯನ್ನು ಬೇರೆ ಬೇರೆ ಡಬ್ಬಿಯಲ್ಲಿ ಕೊಡುತ್ತಿದ್ದರು. 2018ರಲ್ಲಿ ಆ ಕಂಪನಿ ನಿಂತಿತು, ಅದರೊಂದಿಗೆ ಕಲಿಯುವ ಸುಲಭದ ದಾರಿಯೂ ಮುಚ್ಚಿತು. ಈಗ ಇಜ್ಮೀರ್ ಮಾತ್ರ ಕಲಿಯಬೇಕಾದರೆ ಜಿ.ಎಲ್. ಪೀಸ್ ಕಂಪನಿಯ ಎಂಬಾರ್ಕಡೆರೊ ಎಂಬ ತಂಬಾಕು ನೋಡಿ. ವರ್ಜೀನಿಯಾ ಮತ್ತು ಇಜ್ಮೀರ್ ಒತ್ತಿ ಮಾಡಿದ್ದು, ಮುಚ್ಚುಮರೆ ಇಲ್ಲ.

ತೂಕದ_ಬಟ್ಟಲು

ಕಲಿಯಲು ಇನ್ನೊಂದು ದಾರಿ ತಾವೇ ಬೆರೆಸುವುದು. ಮಿಶ್ರಣಕ್ಕೆಂದು ಬಿಡಿಯಾಗಿ ಮಾರುವ ಇಜ್ಮೀರ್, ಬಾಸ್ಮಾ, ಕತೆರಿನಿ ಸಿಕ್ಕಿದರೆ ಹೀಗೆ ಮಾಡಿ.

0.1 ಗ್ರಾಂ ತೋರಿಸುವ ತಕ್ಕಡಿ ಬೇಕೇ ಬೇಕು. ಚಮಚದ ಅಳತೆ ನಂಬಬೇಡಿ, ಒರಿಯಂಟಲ್ ಎಳೆ ನವುರಾಗಿ ಉಬ್ಬಿರುತ್ತದೆ, ವರ್ಜೀನಿಯಾ ಕೂತಿರುತ್ತದೆ, ಒಂದೇ ಚಮಚದಲ್ಲಿ ತೂಕ ಎರಡು ಪಟ್ಟು ಬೇರೆಯಾಗಬಹುದು. ಟಾಪಿಂಗ್ (ಮೇಲಿಂದ ಸೇರಿಸುವ ಪರಿಮಳ) ಹಾಕದ ಹಳದಿ ಅಥವಾ ಕೆಂಪು ವರ್ಜೀನಿಯಾ 8 ಗ್ರಾಂ, ಇಜ್ಮೀರ್ 2 ಗ್ರಾಂ. ಇದು ಮೊದಲ ಜಾಡಿ. ಎರಡನೆಯದು 7ಕ್ಕೆ 3, ಮೂರನೆಯದು 6ಕ್ಕೆ 4. ಮೂರಕ್ಕೂ ಒಂದೇ ತೇವ ಇರಲಿ, ಬೆರೆಸುವ ಮೊದಲೇ ಒಂದೇ ಹದಕ್ಕೆ ತಂದುಕೊಳ್ಳಿ, ಇಲ್ಲದಿದ್ದರೆ ಹೋಲಿಕೆ ಸುಳ್ಳಾಗುತ್ತದೆ. ಚೀಟಿ ಅಂಟಿಸಿ ಕನಿಷ್ಠ ಎರಡು ವಾರ ಮುಚ್ಚಿಡಿ, ನಾಲ್ಕಾದರೆ ಇನ್ನೂ ಒಳ್ಳೆಯದು. ಆಗಷ್ಟೇ ಬೆರೆಸಿದ್ದರಲ್ಲಿ ಎರಡು ಎಲೆ ಬೇರೆ ಬೇರೆ ಮಾತಾಡುತ್ತವೆ.

2 ಗ್ರಾಂನಲ್ಲಿ ಒರಿಯಂಟಲ್ ವರ್ಜೀನಿಯಾದ ಹುಲ್ಲುತನ ತಗ್ಗಿಸುತ್ತದೆ, ತಾನು ಕಾಣಿಸುವುದಿಲ್ಲ. 3ರಲ್ಲಿ ಅದರ ಹುಳಿ-ಧೂಪ ಮುಂದೆ ಬರುತ್ತದೆ. 4ರಲ್ಲಿ ಸಿಹಿ ಹಿಂದೆ ಸರಿದು ಬಾಯಿ ಒಣಗತೊಡಗುತ್ತದೆ. ನನ್ನ ತೀರ್ಮಾನ 3 ಮತ್ತು 3.5ರ ನಡುವೆ. 4 ದಾಟಬೇಕೆಂದರೆ ಆವಿಯಲ್ಲಿ ಬೇಯಿಸಿ ಕಪ್ಪಾಗಿಸಿದ ಕ್ಯಾವೆಂಡಿಶ್ ತಂಬಾಕು 1 ಗ್ರಾಂ ಸೇರಿಸಿ, ಅದು ಅಂಚು ಮೃದು ಮಾಡುತ್ತದೆ. ಪೆರಿಕ್ (ಒತ್ತಿ ಹುದುಗಿಸಿದ, ಮೆಣಸಿನ ಖಾರದ ತಂಬಾಕು) ಹಾಕುವುದಾದರೆ 10 ಗ್ರಾಂಗೆ 0.3ರಿಂದ 0.5, ಅದಕ್ಕಿಂತ ಹೆಚ್ಚು ಬೇಡ. ಮೆಣಸು ಬಿದ್ದ ಕೂಡಲೇ ಬಾಸ್ಮಾ ಬಾಯಿ ಮುಚ್ಚಿಕೊಳ್ಳುತ್ತದೆ.

ಇಜ್ಮೀರ್ ಜಾಗದಲ್ಲಿ ಬಾಸ್ಮಾ, ಆಮೇಲೆ ಕತೆರಿನಿ ಇಟ್ಟು ಅದೇ 7ಕ್ಕೆ 3ರಲ್ಲಿ ಮತ್ತೆ ಮಾಡಿ. ಆಗ ವ್ಯತ್ಯಾಸ ಗೊತ್ತಾಗುತ್ತದೆ.

ಕರಿಹೊಗೆ

ಆ ಪಟ್ಟಿಗೆ ನಾಲ್ಕನೆಯ ಜಾಡಿ ಸೇರಿಸಲು ಬಿಡಿ: ವರ್ಜೀನಿಯಾ 5, ಇಜ್ಮೀರ್ 3, ಲತಾಕಿಯಾ 2. ಇಲ್ಲೂ ಇಜ್ಮೀರ್ ಸ್ಪಷ್ಟವಾಗಿ ಕೇಳಿಸುತ್ತದೆ ಅನ್ನುವುದು ನನ್ನ ಪಟ್ಟು. ಮೂಗಿನಿಂದ ಹೊಗೆ ಸ್ವಲ್ಪವೇ ಸ್ವಲ್ಪ ಬಿಟ್ಟು ನೋಡಿ. ಲತಾಕಿಯಾ ನಾಲಿಗೆ ಮೇಲೆ ಕೂರುತ್ತದೆ, ಒರಿಯಂಟಲ್ ಮೂಗಿನ ಮೇಲ್ಭಾಗದಲ್ಲಿ.

ಪೈಪ್ ವಿಷಯಕ್ಕೆ ಬಂದರೆ, ಈ ಪರೀಕ್ಷೆಗಳನ್ನು ಹಿಂದೆ ವೆನಿಲ್ಲಾ, ಚೆರ್ರಿ ವಾಸನೆಯ ತಂಬಾಕು ಸೇದಿದ ಬಟ್ಟಲಿನಲ್ಲಿ ಮಾಡಬೇಡಿ. ಸಾಮಾನ್ಯ ಪೈಪ್ ಮಾಡುವ ಬ್ರಯರ್ ಮರ ಹಳೆಯ ವಾಸನೆ ಹಿಡಿದಿಟ್ಟುಕೊಳ್ಳುತ್ತದೆ, ಒರಿಯಂಟಲ್‌ನ ಹದವಾದ ಪರಿಮಳ ಅದರ ಮುಂದೆ ನಿಲ್ಲುವುದಿಲ್ಲ. ಹಾಗೆಯೇ ಲತಾಕಿಯಾ ಸೇದಿದ ಪೈಪೂ ಬೇಡ, ಇದು ನನ್ನ ಪಕ್ಷಕ್ಕೆ ವಿರುದ್ಧವಾದ ಮಾತಾದರೂ ಸತ್ಯ. ಜೋಳದ ದಿಂಡಿನಿಂದ ಮಾಡಿದ ಹೊಸ ಕಾರ್ನ್‌ಕಾಬ್ ಪೈಪ್ ಅಗ್ಗ, ಎರಡು ಮೂರು ಸಲಕ್ಕೆ ತಟಸ್ಥವಾಗುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಮೀರ್‌ಶಾಮ್. ಟರ್ಕಿಯ ಎಸ್ಕಿಶೆಹಿರ್‌ನಲ್ಲಿ ಅಗೆಯುವ ಹಗುರವಾದ ಬಿಳಿ ಖನಿಜ ಅದು, ತೇವ ಹೀರುತ್ತದೆ, ವಾಸನೆ ಹಿಡಿಯುವುದು ಬಹಳ ಕಡಿಮೆ. ಅದರೊಳಗೆ ಮಸಿಪದರ ಬೆಳೆಯಲು ಬಿಡಬೇಡಿ. ಪ್ರತಿ ಸಲ ಆರಿದ ಮೇಲೆ ಕಾಗದದ ಸುರುಳಿಯಿಂದ ಒರೆಸಿ. ಬ್ರಯರ್‌ನಲ್ಲಾದರೆ ಒಂದು ಮಿಲಿಮೀಟರ್ ಪದರ ಇರಲಿ, ಒಂದೂವರೆ ದಾಟಿದರೆ ಕೆರೆಯಿರಿ. ಪದರ ಮತ್ತು ಮರ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ, ದಪ್ಪವಾದರೆ ಬಟ್ಟಲು ಸೀಳುತ್ತದೆ.

ಬಟ್ಟಲಿನ ಅಗಲ 20 ಮಿಲಿಮೀಟರ್ ಸುತ್ತ ಇದ್ದರೆ ಹಲವು ಎಲೆಯ ಮಿಶ್ರಣಕ್ಕೆ ಅನುಕೂಲ. ಇಕ್ಕಟ್ಟಾದ ಬಟ್ಟಲಲ್ಲಿ ಒಂದು ಸಲಕ್ಕೆ ಸುಡುವ ಮೇಲ್ಮೈ ಕಡಿಮೆ, ಎಲ್ಲ ಎಲೆಯೂ ಒಟ್ಟಿಗೆ ಕೆಂಡದಲ್ಲಿರುವುದಿಲ್ಲ.

ಧೂಪದಾನಿ

ಇಷ್ಟು ಬರೆದ ಮೇಲೆ ಇದನ್ನೂ ಬರೆಯಲೇಬೇಕು. ನಿಕೋಟಿನ್ ಶೇ. 1 ಅಂದ ಮಾತ್ರಕ್ಕೆ ಈ ಎಲೆ ನಿರುಪದ್ರವಿ ಅಲ್ಲ. ಪೈಪ್ ಹೊಗೆಯನ್ನು ಶ್ವಾಸಕೋಶಕ್ಕೆ ಎಳೆಯದಿದ್ದರೂ ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಸೇರುತ್ತದೆ, ಚಟ ಹಿಡಿಯುತ್ತದೆ. ತುಟಿ, ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿಗೂ ಪೈಪಿಗೂ ಇರುವ ಸಂಬಂಧ ಸಾಬೀತಾದದ್ದು. ಸೇದದವರು ಈ ಎಳೆ ಓದಿ ಶುರು ಮಾಡಬೇಡಿ. ಕರ್ನಾಟಕದಲ್ಲಿ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ. ಬಾಯಲ್ಲಿ ಮೂರು ವಾರಕ್ಕೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ನಾಲಿಗೆ ಉರಿ ಅಂತ ಸುಮ್ಮನಿರದೆ ದಂತವೈದ್ಯರಿಗೆ ತೋರಿಸಿ.

ಹೊಸಕೆಂಡ

ಗಮನದಲ್ಲಿದೆ. ಕೊನೆಯದೊಂದು: ಜಾಡಿಯಲ್ಲಿ ಎಷ್ಟು ಕಾಲ ಇಡಬಹುದು? ಎಲೆ ಮೇಲೆ ಬಿಳಿ ಚುಕ್ಕೆ ಕಂಡರೆ ಎಸೆಯಬೇಕಾ?

ಕಡಲತಡಿ

ಚುಕ್ಕೆಯನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಉಪ್ಪಿನ ಹರಳಿನ ಹಾಗೆ ಮಿಣುಕಿದರೆ, ಎಲೆಗೆ ಅಂಟಿಕೊಂಡಿದ್ದರೆ ಹರಳು, ಚಿಂತೆ ಇಲ್ಲ. ಹತ್ತಿಯ ಎಳೆಯ ಹಾಗೆ ಮೇಲೆದ್ದಿದ್ದರೆ, ಒಂದು ಚೂರಿನಿಂದ ಇನ್ನೊಂದಕ್ಕೆ ಬಲೆಯಂತೆ ಹಬ್ಬಿದ್ದರೆ, ಮಳೆಗಾಲದ ಚಪ್ಪಲಿ ವಾಸನೆ ಬಂದರೆ ಬೂಷ್ಟು. ಆ ಜಾಡಿಯ ಪೂರ್ತಿ ತಂಬಾಕು ಹೊರಗೆ, ಬರೀ ಆ ಭಾಗ ತೆಗೆದು ಉಳಿದದ್ದು ಸೇದುವ ಹಾಗಿಲ್ಲ. ಜಾಡಿ, ಮುಚ್ಚಳ ಕುದಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿದ ಮೇಲೆ ಮಾತ್ರ ಮತ್ತೆ ಬಳಸಿ. ಕರಾವಳಿಯಲ್ಲಿ ಜಾಡಿ ತುಂಬುವ ಕೆಲಸವನ್ನೇ ಡಿಸೆಂಬರ್–ಜನವರಿಗೆ ಇಟ್ಟುಕೊಳ್ಳುವುದು ವಾಸಿ.

ತೂಕದ_ಬಟ್ಟಲು

ಇಡುವ ಕಾಲ ಯಾವ ಎಲೆ ಹೆಚ್ಚಿದೆ ಎಂಬುದರ ಮೇಲೆ. ವರ್ಜೀನಿಯಾ ವರ್ಷಗಳು ಕಳೆದಂತೆ ಕಪ್ಪಾಗಿ ಆಳವಾಗುತ್ತದೆ. ಒರಿಯಂಟಲ್‌ನ ಅಂಚು ಮೃದುವಾಗುತ್ತದೆ, ಹುಳಿ ತಗ್ಗಿ ಧೂಪ ಉಳಿಯುತ್ತದೆ. ಲತಾಕಿಯಾ ಮಾತ್ರ ಕಳೆದುಕೊಳ್ಳುತ್ತಲೇ ಹೋಗುತ್ತದೆ. ಕರಿಹೊಗೆಯವರ 5-3-2ರ ಜಾಡಿಯನ್ನು ಐದಾರು ವರ್ಷ ಬಿಟ್ಟರೆ ಹೊಗೆ ಇಳಿದು ಇಜ್ಮೀರ್ ತಾನೇ ಮುಂದೆ ಬರುತ್ತದೆ, ಇಬ್ಬರ ವಾದಕ್ಕೂ ಅದರಲ್ಲಿ ಜಾಗವಿದೆ.

ಇಡುವಾಗ ತೇವ ಶೇ. 13 ಸುತ್ತ, ಜಾಡಿಯನ್ನು ಮುಕ್ಕಾಲು ತುಂಬಿ, ಬೀರುವಿನ ಕತ್ತಲಲ್ಲಿ. ಫ್ರಿಡ್ಜ್ ಬೇಡ, ಹೊರತೆಗೆದಾಗ ಗಾಜಿನೊಳಗೆ ನೀರು ಕೂರುತ್ತದೆ. ಎರಡು ವರ್ಷ ಇಡುವ ಲೆಕ್ಕವಿದ್ದರೆ ಒಂದು ದೊಡ್ಡ ಜಾಡಿಯ ಬದಲು 50 ಗ್ರಾಂನ ನಾಲ್ಕು ಸಣ್ಣ ಜಾಡಿ ಮಾಡಿ. ಪ್ರತಿ ಸಲ ಮುಚ್ಚಳ ತೆಗೆದಾಗ ಹೊರಹೋಗುವುದು ಬಾಸ್ಮಾದ ಪರಿಮಳವೇ, ಒಂದನ್ನು ತೆರೆದು ಮುಗಿಸಿದ ಮೇಲೆ ಇನ್ನೊಂದಕ್ಕೆ ಕೈ ಹಾಕಿ.